48ಕ್ಕೆ 31 ಅಂದರೆ ಪಾಸೋ, ಫೇಲೋ?

ಪ್ರಶ್ನೆ: ನಮ್ಮ ಅವ್ವಗ ಬಲಗಡೆ ಮೊಣಕಾಲು ಬದಲಿಸೋ ಆಪರೇಷನ್ ಆಗಿ ಆರು ತಿಂಗಳಾತ್ರಿ. ಎಕ್ಸ್‌ರೇ ನೋಡಿ ಡಾಕ್ಟರು ‘ಎಲ್ಲಾ ಚಲೋ ಐತಿ’ ಅಂದ್ರು. ಆಮ್ಯಾಲೆ ಒಬ್ಬರು ಹನ್ನೆರಡು ಪ್ರಶ್ನಿ ಇರೋ ಫಾರ್ಮ್ ತುಂಬಿಸಿಕೊಂಡು ಕೆಳಗ ‘48ಕ್ಕ 31’ ಅಂತ ಬರದ್ರು. ಇದು ಪಾಸೋ ಫೇಲೋ? ಎಕ್ಸ್‌ರೇ ಸರಿ ಇದ್ದ ಮ್ಯಾಲೆ ಈ ಫಾರ್ಮ್ ಯಾಕ ಬೇಕು?
– ಜಮಖಂಡಿ ಕಡೆಯ ಓದುಗರು

ಉತ್ತರ: ಎರಡೂ ಅಲ್ಲ. 31 ಎಂಬ ಅಂಕಿ ಒಂಟಿಯಾಗಿ ನಿಂತರೆ ಏನನ್ನೂ ಹೇಳುವುದಿಲ್ಲ. ಆಪರೇಷನ್‌ಗೆ ಮುಂಚೆ ಇದೇ ಫಾರ್ಮಿನಲ್ಲಿ ಎಷ್ಟಿತ್ತು ಎಂಬುದು ಗೊತ್ತಿರಬೇಕು. ಆಗ 14 ಇದ್ದರೆ ನಿಮ್ಮ ಅವ್ವನವರಿಗೆ 17 ಅಂಕ ಏರಿದೆ, ಅದು ಒಳ್ಳೆಯ ಫಲ. ಆಗಲೇ 28 ಇದ್ದರೆ ಏರಿದ್ದು ಮೂರೇ ಅಂಕ. ಅಷ್ಟು ದುಡ್ಡು, ನೋವು, ವಿಶ್ರಾಂತಿಯ ಮೇಲೂ ಮೂರೇ ಅಂಕವೆಂದರೆ ಡಾಕ್ಟರ ಜೊತೆ ಕುಳಿತು ಮಾತಾಡಬೇಕಾದ ವಿಷಯ.

ನೀವು ವಿವರಿಸಿದ್ದು ಬಹುತೇಕ ಆಕ್ಸ್‌ಫರ್ಡ್ ನೀ ಸ್ಕೋರ್. 1998ರಲ್ಲಿ ಪ್ರಕಟವಾದ ಈ ಫಾರ್ಮನ್ನು ಇಂದು ಜಗತ್ತಿನ ತುಂಬ ಬಳಸುತ್ತಾರೆ. ಹನ್ನೆರಡು ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 48. ಹೆಚ್ಚು ಬಂದಷ್ಟೂ ಒಳ್ಳೆಯದು. ಕೇಳುವುದು ಕಳೆದ ನಾಲ್ಕು ವಾರಗಳ ಸ್ಥಿತಿಯನ್ನು: ಸಾಮಾನ್ಯವಾಗಿ ಎಷ್ಟು ನೋವು, ರಾತ್ರಿ ಮಲಗಿದಾಗ ನೋವಿದೆಯೇ, ಸ್ನಾನಕ್ಕೆ ತ್ರಾಸೇ, ಬಸ್ಸು ಕಾರು ಹತ್ತಿ ಇಳಿಯಲು ಆಗುತ್ತದೆಯೇ, ಎಷ್ಟು ಹೊತ್ತು ನಡೆದರೆ ನೋವು ಜೋರಾಗುತ್ತದೆ, ಕುರ್ಚಿಯಿಂದ ಏಳುವಾಗ ಹೇಗೆ, ಕುಂಟುತ್ತೀರಾ, ಮೊಣಕಾಲೂರಿ ಏಳಬಲ್ಲಿರಾ, ಮನೆಗೆಲಸಕ್ಕೆ ಅಡ್ಡಿಯೇ, ಕಾಲು ಕೈಕೊಟ್ಟೀತೆಂಬ ಅಂಜಿಕೆ ಇದೆಯೇ, ಒಬ್ಬರೇ ಸಾಮಾನು ತರಬಲ್ಲಿರಾ, ಮೆಟ್ಟಿಲು ಇಳಿಯಬಲ್ಲಿರಾ.

ಮೊದಲು ಲೆಕ್ಕವನ್ನೇ ಪರೀಕ್ಷಿಸಿ. ಈ ಸ್ಕೋರಿನ ಹಳೆಯ ಪದ್ಧತಿಯಲ್ಲಿ ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ ಕೊಟ್ಟು ಒಟ್ಟು 12ರಿಂದ 60 ಮಾಡುತ್ತಿದ್ದರು, ಅದರಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ಹಳೆಯ ಕಡತಗಳಲ್ಲಿ ಆ ಲೆಕ್ಕ ಸಿಗಬಹುದು. ಮುಂಚಿನ ಫಾರ್ಮು ಹಳೆಯ ಲೆಕ್ಕದ್ದಾಗಿದ್ದು ಈಗಿನದು ಹೊಸದಾದರೆ ಸುಧಾರಿಸಿದ ಕಾಲು ಕೆಟ್ಟಂತೆ ಕಾಣುತ್ತದೆ. ಪರಿವರ್ತನೆ ಸುಲಭ, 60ರಿಂದ ಹಳೆಯ ಅಂಕ ಕಳೆಯಿರಿ. ಹಳೆಯದರಲ್ಲಿ 46 ಇದ್ದರೆ ಹೊಸದರಲ್ಲಿ 14. ಒಂದು ಪ್ರಶ್ನೆಗೆ ಎರಡು ಗುರುತು ಬಿದ್ದಿದ್ದರೆ ಹೆಚ್ಚು ತೊಂದರೆ ತೋರಿಸುವುದನ್ನೇ ಎಣಿಸುತ್ತಾರೆ. ಎರಡರವರೆಗೆ ಪ್ರಶ್ನೆ ಖಾಲಿ ಬಿಟ್ಟಿದ್ದರೆ ಉಳಿದವುಗಳ ಸರಾಸರಿಯನ್ನು ಅಲ್ಲಿ ತುಂಬಬಹುದು. ಮೂರು ಖಾಲಿಯಾದರೆ ಒಟ್ಟು ಹಾಕಲೇಬಾರದು.

ಇನ್ನು ಎಷ್ಟು ಏರಿದರೆ ಏರಿದಂತೆ? ಐದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಏರಿಕೆ ಇಳಿಕೆ ಎಂದು ಎಣಿಸಬೇಡಿ. ಇವತ್ತು ತುಂಬಿ ಮುಂದಿನ ವಾರ ಮತ್ತೆ ತುಂಬಿದರೂ ಒಂದೆರಡು ಅಂಕ ಆಚೀಚೆ ಆಗುತ್ತವೆ. ಏಳರ ಮೇಲೆ ಹೋದರೆ ಅದು ಸಾಮಾನ್ಯವಾಗಿ ರೋಗಿಗೇ ಅನುಭವಕ್ಕೆ ಬರುವ ಬದಲಾವಣೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2009ರ ಏಪ್ರಿಲ್‌ನಿಂದ ಮೊಣಕಾಲು ಬದಲಿಸಿಕೊಳ್ಳುವವರಿಗೆ ಈ ಫಾರ್ಮನ್ನು ಆಪರೇಷನ್‌ಗೆ ಮುಂಚೆ ಒಮ್ಮೆ, ಆರು ತಿಂಗಳ ನಂತರ ಒಮ್ಮೆ ಕೊಡುತ್ತ ಬಂದಿದ್ದಾರೆ. ಅಲ್ಲಿ ಸರಾಸರಿ ಅಂಕ 19ರ ಆಸುಪಾಸಿನಿಂದ 36ರ ಆಸುಪಾಸಿಗೆ ಏರುತ್ತದೆ. ಆದರೆ ಅದು ಮೇಜು ಕುರ್ಚಿಯ ಮೇಲೆ ಬದುಕುವವರ ಸರಾಸರಿ. ನೆಲದ ಮೇಲೆ ಕೂತು ರೊಟ್ಟಿ ಬಡಿದು, ನೆಲದ ಮೇಲೇ ಉಂಡು, ಎತ್ತರದ ಮೆಟ್ಟಿಲಿನ ಬಸ್ಸು ಹತ್ತುವವರನ್ನು ಅದೇ ಗೆರೆಯಲ್ಲಿ ನಿಲ್ಲಿಸಿ ‘ನಿಮ್ಮದು ಐದು ಕಮ್ಮಿ’ ಎನ್ನುವುದು ಸರಿಯಲ್ಲ.

ಮೊಣಕಾಲೂರುವ ಪ್ರಶ್ನೆಯನ್ನೇ ನೋಡಿ. ಕೃತಕ ಕೀಲು ಹಾಕಿಸಿಕೊಂಡ ಬಹಳ ಮಂದಿಗೆ ಮೊಣಕಾಲೂರುವುದು ಕೊನೆಯವರೆಗೂ ಕಷ್ಟ. ಕುಕ್ಕರಗಾಲಿನಲ್ಲಿ ಕೂಡಬೇಡಿ, ಚಕ್ಕಂಬಕ್ಕಳ ಹಾಕಬೇಡಿ ಎಂದು ಡಾಕ್ಟರೇ ಹೇಳಿರುತ್ತಾರೆ. ಉಳಿದ ಹನ್ನೊಂದೂ ಚೆನ್ನಾಗಿದ್ದರೂ ಇದೊಂದರಲ್ಲಿ ಸೊನ್ನೆ ಬಿದ್ದರೆ ಸಿಗುವುದು 44. ಅದು ಆಪರೇಷನ್ ಕೆಟ್ಟ ಲಕ್ಷಣವಲ್ಲ.

ಎಕ್ಸ್‌ರೇ ಇದ್ದ ಮೇಲೆ ಫಾರ್ಮ್ ಯಾಕೆ ಎಂದಿರಿ. ಲೋಹ ಸರಿಯಾಗಿ ಕೂತಿದೆಯೇ, ಕಾಲು ನೆಟ್ಟಗಿದೆಯೇ, ಸಡಿಲಾಗಿದೆಯೇ ಎಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ರಾತ್ರಿ ಎರಡಕ್ಕೆ ನೋವಿನಿಂದ ಎಚ್ಚರವಾಗುವುದು ಅದರಲ್ಲಿ ಮೂಡುವುದಿಲ್ಲ. ಮೊಣಕಾಲು ಬದಲಿಸಿಕೊಂಡವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಫಲಿತಾಂಶದಿಂದ ಸಮಾಧಾನ ಹೊಂದುವುದಿಲ್ಲ ಎಂದು ಹಲವು ದೇಶಗಳ ವರದಿಗಳಿವೆ. ಇವರಲ್ಲಿ ಎಷ್ಟೋ ಜನರ ಎಕ್ಸ್‌ರೇ ಚೊಕ್ಕವಾಗಿಯೇ ಇರುತ್ತದೆ. ರೋಗಿಯ ಬಾಯಿಂದಲೇ ಬರಬೇಕಾದ ಉತ್ತರವನ್ನು ಪ್ರತಿ ಸಲವೂ ಒಂದೇ ರೀತಿ ಕೇಳಿ, ಎಣಿಸಿ, ಹೋಲಿಸಲು ಬರುವಂತೆ ಇಡುವುದಷ್ಟೇ ಇಂಥ ಫಾರ್ಮಿನ ಕೆಲಸ.

‘ಒಂದೇ ರೀತಿ’ ಎಂಬಲ್ಲೇ ನಮ್ಮ ಕಡೆ ಹೆಚ್ಚು ಎಡವಟ್ಟಾಗುವುದು.

ಡಾಕ್ಟರ ಎದುರು ಕೇಳಿದರೆ ನಮ್ಮ ಹಿರಿಯರು ‘ಆರಾಮ ಅದೀನ್ರಿ ಸಾಹೇಬ್ರ’ ಅನ್ನುತ್ತಾರೆ. ಅದು ಉತ್ತರವಲ್ಲ, ಮರ್ಯಾದೆ. ಆಪರೇಷನ್ ಮಾಡಿದವರು ಅಥವಾ ಅವರ ಕೈಕೆಳಗಿನವರು ಎದುರಿಗಿದ್ದಾಗ ಅಂಕ ಏರುತ್ತದೆ. ಇನ್ನೊಂದು ಕಡೆ ಮಗನೋ ಸೊಸೆಯೋ ತಾವೇ ಟಿಕ್ ಹಾಕುತ್ತಾರೆ. ನಡಿಗೆ, ಮೆಟ್ಟಿಲು ಮುಂತಾದ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಮನೆಯವರ ಅಂದಾಜು ತಕ್ಕಮಟ್ಟಿಗೆ ಕೂಡಿಬರುತ್ತದೆ. ನೋವು, ಅಂಜಿಕೆ, ಬೇಸರಗಳಲ್ಲಿ ಕೂಡಿಬರುವುದಿಲ್ಲ, ರೋಗಿ ಹೇಳುವುದಕ್ಕಿಂತ ಕೆಟ್ಟದಾಗಿಯೇ ಮನೆಯವರು ಬರೆಯುವುದು ಹೆಚ್ಚು. ಓದಲು ಬಾರದವರಿಗೆ ನೀವು ಓದಿ ಹೇಳಿ, ಅಡ್ಡಿಯಿಲ್ಲ. ಆದರೆ ಇದ್ದದ್ದನ್ನು ಇದ್ದಂತೆ ಓದಿ. ಪ್ರತಿ ಪ್ರಶ್ನೆಗೂ ಐದೂ ಉತ್ತರಗಳನ್ನು ಪೂರ್ತಿ ಓದಿದ ಮೇಲೆ ಆರಿಸಲು ಬಿಡಿ. ‘ಈಗ ಕಡಿಮಿ ಆಗೇತಲ್ಲವಾ?’ ಎಂದು ಎಳೆಯಬೇಡಿ.

‘ಎಷ್ಟು ನೋವೈತಿ’ ಅಂದರೆ ‘ರೂಪಾಯಿಗೆ ಎಂಟಾಣೆ ಕಡಿಮಿ ಆಗೇತ್ರಿ’ ಎಂಬ ಉತ್ತರ ಬರುವುದುಂಟು. ಕೇಳುವವರು ಅದನ್ನು ಹತ್ತಕ್ಕೆ ಐದು ಎಂದು ಬರೆದುಬಿಡುತ್ತಾರೆ. ಅಲ್ಲೇ ತಪ್ಪು. ಎಂಟಾಣೆ ಹೇಳಿದ್ದು ಇಳಿದದ್ದನ್ನು, ಉಳಿದದ್ದನ್ನಲ್ಲ. ಮೊದಲು ಹತ್ತಕ್ಕೆ ಆರಿದ್ದರೆ ಈಗ ಉಳಿದದ್ದು ಮೂರು. ಮತ್ತೊಮ್ಮೆ ‘ಈಗ ಎಷ್ಟು?’ ಎಂದೇ ಕೇಳಬೇಕು.

ಮಾಡದ ಕೆಲಸಗಳದ್ದು ಬೇರೆ ಗೊಂದಲ. ಸಂತೆ ಸಾಮಾನು ತರುವವರು ನಿಮ್ಮ ಅಪ್ಪನವರೇ ಆಗಿದ್ದರೆ ಅವ್ವ ‘ನಾ ಹೋಗೂದಿಲ್ಲ’ ಅನ್ನುತ್ತಾರೆ, ಫಾರ್ಮಿನಲ್ಲಿ ‘ಸಾಧ್ಯವೇ ಇಲ್ಲ’ಕ್ಕೆ ಟಿಕ್ ಬೀಳುತ್ತದೆ, ನಾಲ್ಕು ಅಂಕ ಪುಕ್ಕಟೆ ಹೋಗುತ್ತವೆ. ಪ್ರಶ್ನೆ ಇರುವುದು ಹೋಗಬಲ್ಲಿರಾ ಎಂದು. ಅಂದಾಜು ಮಾಡಲೂ ಆಗದಿದ್ದರೆ ಖಾಲಿ ಬಿಡುವುದು ಮೇಲು. ಇದಕ್ಕೆ ತದ್ವಿರುದ್ಧವಾದ ಮೋಸವೂ ಒಂದಿದೆ. ನೋವಿಗೆ ಅಂಜಿ ಹೊಲಕ್ಕೆ ಹೋಗುವುದನ್ನೇ ಬಿಟ್ಟವರಿಗೆ ನೋವು ಕಡಿಮೆ ಇರುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿದ್ದಾಗ ಒಮ್ಮೆ ತುಂಬಿ, ಜೋಳದ ಸುಗ್ಗಿಯಲ್ಲೋ ಕಬ್ಬಿನ ಕಟಾವಿನಲ್ಲೋ ಮತ್ತೊಮ್ಮೆ ತುಂಬಿದರೆ ಎರಡು ಅಂಕಿಗಳ ನಡುವೆ ಕಾಲಿನ ಜೊತೆ ಕೆಲಸವೂ ಬದಲಾಗಿರುತ್ತದೆ. ನೋವಿನ ಗುಳಿಗೆಯ ಬಗ್ಗೆ ಫಾರ್ಮ್ ಕೇಳುವುದಿಲ್ಲ. ದಿನಕ್ಕೆ ಎಷ್ಟು ಗುಳಿಗೆ, ಕೋಲು ಹಿಡಿಯುತ್ತಾರೋ ಇಲ್ಲವೋ ಎಂದು ಅಂಚಿನಲ್ಲಿ ನೀವೇ ಬರೆದಿಡಿ. ಅದೇ ರೀತಿ ಯಾವ ಕಾಲು, ತಾರೀಖು, ಓದಿ ಹೇಳಿದವರು ಯಾರು ಎಂಬುದನ್ನೂ. ಬೆಳಗಾವಿ ಕಡೆ ಮನೆಮಾತು ಮರಾಠಿ ಇದ್ದವರು ಮೊದಲ ಸಲ ಯಾವ ಭಾಷೆಯ ಫಾರ್ಮ್ ತುಂಬಿದರೋ ಎರಡನೆಯ ಸಲವೂ ಅದನ್ನೇ ಕೇಳಿ ಪಡೆಯಬೇಕು. ಎಡಗಾಲೂ ನೋಯುತ್ತಿದ್ದರೆ ಅದಕ್ಕೆ ಬೇರೆ ಫಾರ್ಮ್. ಒಂದರಲ್ಲೇ ಎರಡನ್ನೂ ಬೆರೆಸಿದರೆ ಬಲಗಾಲಿನ ಅಂಕವನ್ನು ಎಡಗಾಲು ತಿನ್ನುತ್ತದೆ. ಬೇರೆ ತುಂಬಿದರೂ ನಡಿಗೆ, ಮೆಟ್ಟಿಲಿನ ಪ್ರಶ್ನೆಗಳಲ್ಲಿ ಸ್ವಲ್ಪ ತಿಂದೇ ತಿನ್ನುತ್ತದೆ.

ಆಸ್ಪತ್ರೆಯಲ್ಲಿ ಇನ್ನೊಂದು ಚಿಕ್ಕ ಹಾಳೆ ಕೊಟ್ಟಿದ್ದರೆ ಅದು ಇಕ್ಯೂ-5ಡಿ ಇರಬಹುದು. ಅದರಲ್ಲಿ ಐದೇ ಪ್ರಶ್ನೆ: ಓಡಾಟ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ದಿನದ ಕೆಲಸ, ನೋವು, ಚಿಂತೆ-ಖಿನ್ನತೆ. ಜೊತೆಗೆ 0ಯಿಂದ 100ರವರೆಗಿನ ಒಂದು ಅಳತೆಪಟ್ಟಿ. ಇದು ನಾಲ್ಕು ವಾರದ್ದಲ್ಲ, ಇವತ್ತಿನ ಸ್ಥಿತಿಯನ್ನಷ್ಟೇ ಕೇಳುತ್ತದೆ. ಮೊಣಕಾಲಿಗೆ ಸೀಮಿತವೂ ಅಲ್ಲ, ಸಕ್ಕರೆ ಕಾಯಿಲೆ, ಬೆನ್ನು ನೋವು, ಮನೆಯ ಚಿಂತೆ ಎಲ್ಲವೂ ಸೇರುತ್ತವೆ. ಇದರ ಐದು ಹಂತದ ಆವೃತ್ತಿಯಲ್ಲಿ ಪ್ರತಿ ಪ್ರಶ್ನೆಗೆ ಐದು ಉತ್ತರ, ಹಾಗಾಗಿ ಒಟ್ಟು 3125 ಬಗೆಯ ಉತ್ತರ ಸಾಧ್ಯ. ಇವುಗಳಿಗೆ ಭಾರತದ ಜನರೇ ಕೊಟ್ಟ ಬೆಲೆಪಟ್ಟಿ, ಅಂದರೆ ಯಾವ ಸ್ಥಿತಿಯ ಬದುಕು ಎಷ್ಟು ಮೇಲು ಎಂದು ಅಳೆದ ಅಂಕಿಗಳು, 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೂರ್ಣ ಆರೋಗ್ಯ 1, ಐದೂ ಪ್ರಶ್ನೆಗಳಲ್ಲಿ ತೀರ ಕೆಟ್ಟ ಸ್ಥಿತಿ –0.923. ಸೊನ್ನೆ ಅಂದರೆ ಸಾವಿಗೆ ಸಮ, ಅದರ ಕೆಳಗೆ ಅಂದರೆ ಇದಕ್ಕಿಂತ ಸಾವೇ ವಾಸಿ ಎಂದು ಜನ ಎಣಿಸಿದ ಸ್ಥಿತಿ. ಯಾವ ಚಿಕಿತ್ಸೆಗೆ ಸರ್ಕಾರ ದುಡ್ಡು ಹಾಕಬೇಕು ಎಂಬ ಲೆಕ್ಕಾಚಾರಕ್ಕೆ ಈ ಅಂಕಿ ಬೇಕಾಗುತ್ತದೆ. ನಿಮ್ಮ ಅವ್ವನ ಮುಂದಿನ ವ್ಯಾಯಾಮ ಯಾವುದು ಎಂದು ತೀರ್ಮಾನಿಸಲು ಇದು ಅಷ್ಟು ಸಹಾಯಕ್ಕೆ ಬಾರದು.

ಅದಕ್ಕೆ ಹನ್ನೆರಡು ಪ್ರಶ್ನೆಯ ಫಾರ್ಮನ್ನೇ ಬಿಡಿಸಿ ನೋಡಿ. 48ರಲ್ಲಿ 31 ಬಂದು ಕಳೆದುಹೋದ 17 ಅಂಕ ಎಲ್ಲೆಲ್ಲಿ ಹೋದವು? ನೋವಿನ ಪ್ರಶ್ನೆಗಳಲ್ಲಿ 3, 4 ಇದ್ದು ಮೆಟ್ಟಿಲು, ಕುರ್ಚಿ, ಕಾಲು ಕೈಕೊಡುವ ಅಂಜಿಕೆಯಲ್ಲಿ 1, 2 ಇದ್ದರೆ ತೊಡೆಯ ಮುಂಭಾಗದ ಸ್ನಾಯುವಿಗೆ ಇನ್ನೂ ಕಸುವು ಬಂದಿಲ್ಲ ಎಂದು ಶಂಕಿಸಬಹುದು, ಫಿಸಿಯೋಥೆರಪಿಯವರನ್ನು ಕಾಣಿ. ತಿರುವುಮುರುವಾಗಿ, ನಡೆದಾಡಲು ಬರುತ್ತದೆ ಆದರೆ ಸುಮ್ಮನೆ ಮಲಗಿದಾಗಲೂ ನೋವು ಎಂದಿದ್ದರೆ ಸೋಂಕೋ ಸಡಿಲಿಕೆಯೋ ಎಂದು ಡಾಕ್ಟರು ಪರೀಕ್ಷಿಸಬೇಕಾಗುತ್ತದೆ. ಜ್ವರ, ಗಾಯದಿಂದ ಕೀವು, ಮೀನಖಂಡದ ಬಾವು ಇದ್ದರೆ ಅಂಕದ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.

ಆಪರೇಷನ್‌ಗೆ ಮುಂಚೆ ಫಾರ್ಮ್ ತುಂಬಿಸಿಯೇ ಇರಲಿಲ್ಲ ಎಂದಾದರೆ ಈಗ ನೆನಪಿಸಿಕೊಂಡು ತುಂಬುವುದು ಅಷ್ಟು ನಂಬಲರ್ಹವಲ್ಲ, ಕಳೆದ ನೋವನ್ನು ಈಗಿನ ಸ್ಥಿತಿಯ ಕಣ್ಣಿನಿಂದಲೇ ನೋಡುತ್ತೇವೆ. ತುಂಬಿದರೂ ‘ನೆನಪಿನಿಂದ’ ಎಂದು ಮೇಲೆ ಬರೆಯಿರಿ. ಈಗಿನ 31ನ್ನೇ ಮೊದಲ ಅಂಕವೆಂದು ಇಟ್ಟುಕೊಂಡು ವರ್ಷ ತುಂಬಿದಾಗ ಮತ್ತೊಮ್ಮೆ ತುಂಬಿಸಿ. ಆರು ತಿಂಗಳಿಂದ ಹನ್ನೆರಡು ತಿಂಗಳ ನಡುವೆ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಏರುತ್ತದೆ.

ಫಾರ್ಮ್ ತುಂಬಿಸಿಕೊಂಡವರು ಯಾರು ಎಂದು ಕೇಳಿದಿರಾ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು, ಅದಕ್ಕಾಗಿ ಇಂಥ ಫಾರ್ಮು ಹಿಡಿದು ಬರುತ್ತಾರೆ. ಅದಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಬೇಕು, ಒಲ್ಲೆ ಅನ್ನುವ ಹಕ್ಕು ನಿಮ್ಮ ಅವ್ವನವರಿಗಿದೆ, ಒಲ್ಲೆ ಅಂದದ್ದಕ್ಕೆ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗಬಾರದು. ಪ್ರಬಂಧಕ್ಕೆಂದು ತುಂಬಿದ ಹಾಳೆ ಆ ವಿದ್ಯಾರ್ಥಿಯ ಕಡತದಲ್ಲೇ ಉಳಿದು, ಮುಂದಿನ ಸಲ ನೋಡುವ ಡಾಕ್ಟರ ಕೈಗೆ ಬಾರದೆ ಇರಬಹುದು. ವಾಪಸು ಕೊಡುವ ಮುಂಚೆ ಎರಡೂ ಬದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಎಕ್ಸ್‌ರೇ ಕವರಿನ ಮೇಲೆ ಅಂಕ, ತಾರೀಖು ಬರೆದಿಡಿ.