ಹಳೇ ಕಾರಿನ ಅರ್ತಿಂಗ್: ಕರೆಂಟು ವಾಪಸ್ ಬರುವ ದಾರಿ

ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟೂ ಅದರ ಜೊತೆಗೇ ಮಿಣಮಿಣ ಅನ್ನುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು ಸುಮ್ನೆ ಜಾಗ ಬದಲಿಸುತ್ತದೆ. ಹಳೇ ಕಾರು ಇಟ್ಟುಕೊಂಡವರಿಗೆ ಇವೆಲ್ಲ ಹೊಸದಲ್ಲ. ಇಂಥದ್ದು ಕಂಡಾಗ ಬಲ್ಬು, ಸ್ವಿಚ್ಚು, ಫ್ಯೂಸು, ಕೊನೆಗೆ ಬ್ಯಾಟರಿ, ಹೀಗೆ ಒಂದೊಂದಾಗಿ ಬದಲಿಸುತ್ತಾ ಹೋಗುತ್ತೇವೆ. ಆದರೆ ತೊಂದರೆ ತುಂಬ ಸಲ ಇರುವುದು ಕರೆಂಟು ಹೋಗುವ ದಾರಿಯಲ್ಲಲ್ಲ, ವಾಪಸ್ ಬರುವ ದಾರಿಯಲ್ಲಿ.

ಕಾರಿನ ಅರ್ತಿಂಗ್ ಅಂದರೆ ಮನೆಯ ಅರ್ತಿಂಗ್ ಥರ ನೆಲದಲ್ಲಿ ಗುಂಡಿ ತೋಡಿ ಹೂಳುವಂಥದ್ದಲ್ಲ. ಕಾರು ನಿಂತಿರುವುದೇ ರಬ್ಬರ್ ಟೈರಿನ ಮೇಲೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬನ್ನೋ ಮೋಟರನ್ನೋ ದಾಟಿ ಮತ್ತೆ ಮೈನಸ್‌ಗೆ ಬಂದು ಸೇರಬೇಕು. ಹೋಗುವುದಕ್ಕೆ ವೈರು ಎಳೆದಿರುತ್ತಾರೆ. ಬರುವುದಕ್ಕೆ ಕಾರಿನ ಬಾಡಿಯನ್ನೇ ಬಳಸುತ್ತಾರೆ. ತಾಮ್ರಕ್ಕೆ ಹೋಲಿಸಿದರೆ ಉಕ್ಕಿನಲ್ಲಿ ಕರೆಂಟಿಗೆ ತಡೆ ಜಾಸ್ತಿ ನಿಜ, ಆದರೆ ಇಡೀ ಬಾಡಿ ಅಷ್ಟು ಅಗಲ ಇರುವುದರಿಂದ ಅದೊಂದು ದೊಡ್ಡ ಹೆದ್ದಾರಿ. ಹೆದ್ದಾರಿ ಕೆಡುವುದು ಅಪರೂಪ. ಕೆಡುವುದು ಅದಕ್ಕೆ ಸೇರುವ ಸಣ್ಣ ಸಣ್ಣ ಜಾಗಗಳು: ಒಂದು ಬೋಲ್ಟು, ಒಂದು ಲಗ್ಗು (ಬೋಲ್ಟಿಗೆ ಸಿಕ್ಕಿಸಲು ವೈರಿನ ತುದಿಗೆ ಹಾಕಿದ ಲೋಹದ ಬಳೆ), ಡಿಕ್ಕಿಯ ಕಾರ್ಪೆಟ್ ಕೆಳಗಿನ ಒಂದು ಸ್ಕ್ರೂ.

ಅಲ್ಲಿ ಏನಾಗುತ್ತದೆ ಅಂದರೆ, ತಾಮ್ರದ ಲಗ್ಗು, ಉಕ್ಕಿನ ಬಾಡಿ, ಇವೆರಡರ ಮಧ್ಯೆ ನೀರಿನ ಪಸೆ. ಎರಡು ಬೇರೆ ಬೇರೆ ಲೋಹಗಳ ನಡುವೆ ಒದ್ದೆ ಸೇರಿದರೆ ಅದು ತಾನೇ ಒಂದು ಪುಟ್ಟ ಬ್ಯಾಟರಿಯಂತಾಗಿ, ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ ಇದ್ದರಂತೂ ಇನ್ನೂ ಬೇಗ. ತುಕ್ಕಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ.

ಹರಿಯದಿದ್ದಾಗ ಕರೆಂಟು ಬೇರೆ ದಾರಿ ಹುಡುಕುತ್ತದೆ. ಎಡಗಡೆ ಹಿಂದಿನ ಲೈಟಿನ ಅರ್ತ್ ಕೆಟ್ಟಿದೆ ಅಂದುಕೊಳ್ಳಿ. ಬ್ರೇಕ್ ಲೈಟಿಗೆ ಬಂದ ಕರೆಂಟು ಅದೇ ಡಬ್ಬಿಯ ಪಾರ್ಕಿಂಗ್ ಫಿಲಮೆಂಟಿನೊಳಗೆ ಹಿಂದುಮುಂದಾಗಿ ನುಗ್ಗಿ, ಅದರ ವೈರು ಹಿಡಿದು ಬಲಗಡೆಯ ಪಾರ್ಕಿಂಗ್ ಬಲ್ಬಿಗೆ ಹೋಗಿ, ಅಲ್ಲಿನ ಒಳ್ಳೇ ಅರ್ತ್ ಮೂಲಕ ಮನೆ ಸೇರುತ್ತದೆ. ಒಂದು ಸ್ವಿಚ್ ಒತ್ತಿದರೆ ಸಂಬಂಧವೇ ಇಲ್ಲದ ಇನ್ನೊಂದು ಲೈಟು ಉರಿಯುವುದರ ಗುಟ್ಟು ಇದೇ.

ನಮ್ಮ ಅಪ್ಪನ 1997ರ ಕಾರಿನಲ್ಲಿ ಆದದ್ದು ಇದರ ದೊಡ್ಡ ಅಣ್ಣ. ಮನೆ ಕುಂದಾಪುರದ ಹತ್ತಿರ, ಕಡಲಿಗೆ ತೀರಾ ಸಮೀಪ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಒಮ್ಮೆ ಟಿಕ್ ಅನ್ನುತ್ತಿತ್ತು, ಒಮ್ಮೆ ಮುದುಕನ ಹಾಗೆ ನಿಧಾನಕ್ಕೆ ತಿರುಗುತ್ತಿತ್ತು. ಒಂದೇ ವರ್ಷದಲ್ಲಿ ಬ್ಯಾಟರಿ ಹೊಸದಾಯಿತು, ಸೆಲ್ಫ್ ಮೋಟರ್ ಬಿಚ್ಚಿ ರಿಪೇರಿಯಾಯಿತು. "ಎಂತ ಮಾರಾಯ, ಹೊಸ ಬ್ಯಾಟರಿಯೂ ಹೋಯ್ತಾ?" ಅಂತ ಅಪ್ಪ ಕೇಳಿದಾಗ ಉತ್ತರ ಇರಲಿಲ್ಲ. ಹತ್ತಾರು ಸಲ ಸೆಲ್ಫ್ ಹೊಡೆದು ಬಾನೆಟ್ ಎತ್ತಿದಾಗ ಕೈ ಅಕಸ್ಮಾತ್ ಕ್ಲಚ್ ಕೇಬಲ್ಲಿಗೆ ತಾಗಿತು. ಬಿಸಿ! ಕ್ಲಚ್ ಕೇಬಲ್ ಯಾಕೆ ಬಿಸಿಯಾಗಬೇಕು?

ಎಂಜಿನ್ ಕೂತಿರುವುದು ರಬ್ಬರ್ ಮೌಂಟುಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯಲ್ಲ, ಅಲ್ವಾ? ಅದಕ್ಕೇ ಬಾಡಿಯಿಂದ ಎಂಜಿನ್ನಿಗೋ ಗೇರ್ ಬಾಕ್ಸಿಗೋ ತಾಮ್ರದ ಎಳೆಗಳನ್ನು ಹೆಣೆದ ಒಂದು ದಪ್ಪ ಪಟ್ಟಿ ಕಟ್ಟಿರುತ್ತಾರೆ. ಅದು ಹಾಳಾದರೆ ಸೆಲ್ಫ್ ಮೋಟರಿನ ಅಷ್ಟೂ ಕರೆಂಟು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹೀಗೆ ಎಂಜಿನ್ನಿಗೂ ಬಾಡಿಗೂ ಸಂಪರ್ಕ ಇರುವ ಯಾವುದೋ ತೆಳ್ಳನೆ ಲೋಹದ ಮೂಲಕ ನುಸುಳಬೇಕಾಗುತ್ತದೆ. ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಹೊಗೆ ಬರುವುದೂ ಉಂಟು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಒಂದು ಜಾಯಿಂಟಿನಲ್ಲಿ 0.01 ಓಮ್ ತಡೆ ಇದೆ ಅಂತಿಟ್ಟುಕೊಳ್ಳಿ. 55 ವ್ಯಾಟಿನ ಹೆಡ್‌ಲೈಟ್ ಎಳೆಯುವುದು ಹೆಚ್ಚು ಕಮ್ಮಿ 4.6 ಆಂಪಿಯರ್, ಅಲ್ಲಿ ಕಳೆದುಹೋಗುವುದು 0.05 ವೋಲ್ಟ್ ಕೂಡ ಇಲ್ಲ. ಸೆಲ್ಫ್ ಮೋಟರ್ ಸಣ್ಣ ಪೆಟ್ರೋಲ್ ಕಾರಿನಲ್ಲೂ 100 ಆಂಪಿಯರ್ ಎಳೆಯಬಹುದು. ಆಗ ಅದೇ ಜಾಯಿಂಟು 1 ವೋಲ್ಟ್ ನುಂಗುತ್ತದೆ. ಅದಕ್ಕೇ ಲೈಟು, ಹಾರನ್ ಎಲ್ಲ ಚೆನ್ನಾಗಿದ್ದೂ ಸೆಲ್ಫ್ ಮಾತ್ರ ಸೋಲುವುದು. ಹಾಗಂತ ಲೈಟಿಗೆ ಏನೂ ಆಗಲ್ಲ ಅಂದುಕೊಳ್ಳಬೇಡಿ. ಅದರದೇ ಅರ್ತ್ ಕೆಟ್ಟು ವೋಲ್ಟೇಜ್ 12ರಿಂದ 10.8ಕ್ಕೆ ಇಳಿದರೆ, ಹ್ಯಾಲೋಜನ್ ಬಲ್ಬಿನ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಘಾಟಿಯ ರಾತ್ರಿ ಮಳೆಯಲ್ಲಿ ಇದು ಸಣ್ಣ ಮಾತಲ್ಲ.

ಈಗ ಪರೀಕ್ಷೆ. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಥವಾ ಬೀಪ್ ಶಬ್ದ ನೋಡಿ "ಅರ್ತ್ ಸರಿ ಇದೆ" ಅಂದುಬಿಡುವುದು. ಮೀಟರ್ ಹರಿಸುವುದು ತೀರಾ ಚಿಕ್ಕ ಕರೆಂಟು. ಪಟ್ಟಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಕರೆಂಟು ಜೋರಾಗಿ ಹರಿಯುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ, ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಕಾಯಿಲ್‌ಗೆ ಪ್ಲಸ್ ಬರುವ ಸಣ್ಣ ವೈರು ತೆಗೆದಿಡಿ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ), ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಹಿಡಿದು, ಬೇರೆಯವರಿಗೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. 0.2, 0.3 ವೋಲ್ಟಿನೊಳಗೆ ಬಂದರೆ ಸರಿ. ನಮ್ಮಲ್ಲಿ ಬಂದದ್ದು 1.8. ಕಂಬದಿಂದ ಬಾಡಿಗೆ ಅಳೆದರೆ ಬರೀ 0.1. ಹಾಗಾದರೆ ಉಳಿದ 1.7 ಬಾಡಿಗೂ ಎಂಜಿನ್ನಿಗೂ ಮಧ್ಯೆ. ಜಾಗ ಸಿಕ್ಕಿತು.

ಆ ಪಟ್ಟಿ ಹೊರಗಿಂದ ನೋಡಲು ಗಟ್ಟಿಯಾಗಿಯೇ ಇತ್ತು. ಬಿಚ್ಚಿ ಬಗ್ಗಿಸಿದರೆ ಲಗ್ಗಿನ ಬುಡದಿಂದ ಹಸಿರು ಪುಡಿ ಉದುರಿತು. ಹತ್ತಾರು ಎಳೆ ಬಿಟ್ಟರೆ ಮಿಕ್ಕಿದ್ದೆಲ್ಲ ತಿಂದುಹೋಗಿತ್ತು.

ಬಿಚ್ಚುವಾಗ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಿ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಬ್ಯಾಟರಿಯ ಹತ್ತಿರ ಹೈಡ್ರೋಜನ್ ಬೇರೆ ಇರಬಹುದು. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟು, ತುಕ್ಕು ಎರಡನ್ನೂ ಎಮರಿ ಪೇಪರಿನಿಂದ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿ, ಬಿಗಿಯಾಗಿ ಕಟ್ಟಿ, ಆಮೇಲೆ ಮೇಲಿಂದ ಗ್ರೀಸ್ ಸವರಿ. ಬ್ಯಾಟರಿ ಕ್ಲಾಂಪಿನ ಪುಡಿಗೆ ಅಡಿಗೆ ಸೋಡಾ ಕರಗಿಸಿದ ನೀರು ಸಾಕು, ಅದು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಎಂಜಿನ್ನಿಗೆ ಹೊಸ ವೈರು ಹಾಕುವುದಾದರೆ 16 ಚದರ ಮಿಲಿಮೀಟರಿಗಿಂತ ತೆಳ್ಳಗಿನದು ಬೇಡ. ಎಂಜಿನ್ ಅಲ್ಲಾಡುತ್ತದೆ, ಹಾಗಾಗಿ ವೈರು ಸ್ವಲ್ಪ ಸಡಿಲವಾಗಿ ಬಾಗಿರಲಿ. ಇಷ್ಟು ಮಾಡಿ ಮತ್ತೆ ಅಳೆದರೆ ನಮ್ಮಲ್ಲಿ 0.15 ವೋಲ್ಟ್. ಅಪ್ಪ ಕೀ ತಿರುಗಿಸಿದರು, ಒಂದೇ ಏಟಿಗೆ ಸ್ಟಾರ್ಟ್.

ಅಂಬಾಸಡರ್ ಇರಲಿ, ಪದ್ಮಿನಿ ಇರಲಿ, ಲೆಕ್ಕ ಇದೇ. ಆದರೆ ನಿಮ್ಮ ಹತ್ತಿರ ಇನ್ನೂ ಹಳೆಯ ಬ್ರಿಟಿಷ್ ಕಾರು ಇದ್ದರೆ ಒಂದು ವಿಷಯ ನೋಡಿಕೊಳ್ಳಿ. 1960ರ ದಶಕದ ಮಧ್ಯದವರೆಗೆ ಅಲ್ಲಿನ ಅನೇಕ ಕಾರುಗಳಲ್ಲಿ ಬಾಡಿಗೆ ಕಟ್ಟುತ್ತಿದ್ದದ್ದು ಮೈನಸ್ ಅಲ್ಲ, ಪ್ಲಸ್. ಅದರಲ್ಲಿ ಮೊದಲು ಬಿಚ್ಚಬೇಕಾದದ್ದೂ ಪ್ಲಸ್ಸೇ. ವೈರಿನ ಬಣ್ಣ ನಂಬಬೇಡಿ, ಯಾರ್ಯಾರೋ ಬದಲಿಸಿರುತ್ತಾರೆ. ಬಾಡಿಗೆ ಹೋಗುವ ವೈರು ಯಾವ ಕಂಬದಿಂದ ಹೊರಟಿದೆ ಅಂತ ಕಣ್ಣಾರೆ ನೋಡಿ. ಬ್ಯಾಟರಿ ಮೇಲಿನ ಗುರುತು ಅಳಿಸಿದ್ದರೆ ಎರಡೂ ಕಂಬ ಹೋಲಿಸಿ: ಸಾಮಾನ್ಯವಾಗಿ ಪ್ಲಸ್ ಕಂಬ ಕೊಂಚ ದಪ್ಪ ಇರುತ್ತದೆ.