ಸೀಸವೋ ತಾಮ್ರವೋ: ಬೇಟೆ ಗುಂಡಿನ ಜಗಳ ಬೆಳೆದು ಬಂದ ದಾರಿ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರಲ್ಲಿ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಖಾಲಿ ಹಿತ್ತಾಳೆ ಕೇಸ್, ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರ್, ತೂಗಿ ಹಾಕಿದ ಮದ್ದು, ಮೇಲೊಂದು ಗುಂಡು. ಅಲ್ಲಿ ಯಾವ ಗುಂಡು ಒಳ್ಳೆಯದು ಅನ್ನೋದು ಹಳೇ ಚರ್ಚೆ. ಈಗ ಅದಕ್ಕೆ ಕಾನೂನು, ರಣಹದ್ದು, ಚುನಾವಣೆ ರಾಜಕೀಯ ಎಲ್ಲ ಸುತ್ತಿಕೊಂಡು ಹೊಸಬರಿಗೆ ತಲೆಬುಡ ಅರ್ಥವಾಗದಂತಾಗಿದೆ.

ಮೊದಲಿಗೆ ಗುಂಡು ಅಂದರೆ ಬರೀ ಸೀಸ. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದು ವೇಗ ಏರಿದಾಗ ಸೀಸ ನಳಿಗೆಯೊಳಗೇ ಮೆತ್ತಿಕೊಳ್ಳತೊಡಗಿತು. ಅದಕ್ಕೆ ಗಟ್ಟಿ ಲೋಹದ ಹೊದಿಕೆ ಹಾಕಿದರು. ಮೂತಿಯ ಹತ್ತಿರ ಹೊದಿಕೆ ಬಿಟ್ಟರೆ ಗುಂಡು ಮೈಯೊಳಗೆ ಅರಳುತ್ತದೆ ಎಂದು ನಮ್ಮ ಕೋಲ್ಕತ್ತಾ ಪಕ್ಕದ ದಮ್ ದಮ್ ಕಾರ್ಖಾನೆ ತೋರಿಸಿಕೊಟ್ಟಿತು. 1899ರ ಹೇಗ್ ಘೋಷಣೆ ಅಂಥ ಗುಂಡನ್ನು ಯುದ್ಧದಲ್ಲಿ ಬೇಡ ಎಂದಿತು. ಬೇಟೆಯಲ್ಲಿ ಅದೇ ರೂಢಿಯಾಯಿತು. ಪ್ರಾಣಿ ನರಳದೆ ಬೇಗ ಸಾಯಬೇಕು, ಅಲ್ವಾ?

ಅರಳುವುದು ಜಾಸ್ತಿಯಾದರೆ ಗುಂಡು ಒಡೆದು ಚೂರಾಗುತ್ತದೆ. 1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕದ ಬೇಟೆಗಾರ ಕೆನಡಾದಲ್ಲಿ ಮೂಸ್ ಬೇಟೆಗೆ ಹೋದಾಗ ಅದೇ ಆಯಿತು. ಮೂಸ್ ಅಂದರೆ ಕುದುರೆಗಿಂತ ದೊಡ್ಡ ಜಿಂಕೆ ಜಾತಿ. ಕೆಸರು ಮೆತ್ತಿದ ಅದರ ಹೆಗಲಿಗೆ ಬಡಿದ ಗುಂಡುಗಳು ಒಳಕ್ಕೆ ಹೋಗದೆ ಒಡೆದವು. ಮನೆಗೆ ಬಂದು ಅವರು ಮಧ್ಯೆ ತಾಮ್ರಲೋಹದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಸೀಸ ಅರಳಿ ಉದುರಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಮುಂದಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಅನ್ನೋ ಹೆಸರಲ್ಲಿ ಅದು ಇವತ್ತಿಗೂ ಮಾರಾಟದಲ್ಲಿದೆ.

ಅಲ್ಲಿಂದ ಗುಂಡುಗಳನ್ನು ಹೋಲಿಸಲು ಒಂದು ಅಳತೆ ಬಲವಾಯಿತು: ಪ್ರಾಣಿಯ ಮೈಯಿಂದ ತೆಗೆದ ಗುಂಡಿನಲ್ಲಿ ಎಷ್ಟು ತೂಕ ಉಳಿದಿದೆ? ಪಾರ್ಟಿಷನ್‌ನಲ್ಲಿ ಸುಮಾರು ಮೂರನೇ ಎರಡು ಭಾಗ ಉಳಿದರೆ ಒಳ್ಳೆಯದೆಂದೇ ಲೆಕ್ಕ. ಇಲ್ಲಿ ನಿಂತು ಒಂದು ಕಳೆಯುವ ಲೆಕ್ಕ ಮಾಡಬೇಕು. ಗುಂಡನ್ನು ತೂಗುವುದು ಗ್ರೇನ್ ಎಂಬ ಅಳತೆಯಲ್ಲಿ; 180 ಗ್ರೇನ್ ಗುಂಡಿನಲ್ಲಿ 120 ಗ್ರೇನ್ ಉಳಿಯಿತು ಎನ್ನೋಣ. ಹೋದ 60 ಗ್ರೇನ್ ಅಂದರೆ ಸುಮಾರು 4 ಗ್ರಾಂ, ಅದರಲ್ಲಿ ಹೆಚ್ಚಿನದು ಸೀಸ. ಅದು ಎಲ್ಲಿ ಹೋಯಿತು ಎಂದು ಎಷ್ಟೋ ವರ್ಷ ಹೆಚ್ಚಿನವರು ಕೇಳಲೇ ಇಲ್ಲ.

ಪೂರ್ತಿ ತಾಮ್ರದ ಗುಂಡು ಹುಟ್ಟಿದ್ದೂ ಆ ಪ್ರಶ್ನೆಯಿಂದ ಅಲ್ಲ. 1980ರ ದಶಕದಲ್ಲಿ ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ ಅದನ್ನು ರೂಪಿಸಿದ್ದು ಇನ್ನೂ ಆಳಕ್ಕೆ ಇಳಿಯಲಿ ಎಂದು. ಮೂತಿಯಲ್ಲಿ ತೂತು, ಬಡಿದಾಗ ನಾಲ್ಕು ದಳ ಬಿಡಿಸಿಕೊಳ್ಳುತ್ತದೆ, ತೂಕ ಬಹುಪಾಲು ಹಾಗೇ ಉಳಿಯುತ್ತದೆ. ಮೊದಲ ಮಾದರಿಗಳು ನಳಿಗೆಯಲ್ಲಿ ತಾಮ್ರ ಮೆತ್ತುತ್ತಿದ್ದವು, ಕೆಲವು ಕೋವಿಗಳಲ್ಲಿ ಗುರಿ ಚದುರುತ್ತಿತ್ತು. ಮುಂದೆ ಗುಂಡಿನ ಸೊಂಟದ ಸುತ್ತ ತೋಡು ಕೊರೆದ ಮೇಲೆ ಆ ತೊಂದರೆ ಬಹಳ ಮಟ್ಟಿಗೆ ಇಳಿಯಿತು.

ತಾವೇ ತುಂಬಿಕೊಳ್ಳುವವರ ದೂರುಗಳು ಸುಮ್ನೆ ಹುಟ್ಟಿದವಲ್ಲ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ತಾಮ್ರ 8.9 ಗ್ರಾಂ. ಹಾಗಾಗಿ ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಕೇಸ್‌ನೊಳಗೆ ಮದ್ದಿನ ಜಾಗ ತಿನ್ನುತ್ತದೆ, ಒತ್ತಡ ಬದಲಾಗುತ್ತದೆ. ಸೀಸದ ಗುಂಡಿನ ಮದ್ದಿನ ಲೆಕ್ಕವನ್ನೇ ಇದಕ್ಕೂ ಹಾಕುವುದು ಅಪಾಯ. ಆಯಾ ಗುಂಡಿಗೇ ಪರೀಕ್ಷಿಸಿದ ಕೈಪಿಡಿ ನೋಡಿ, ಅತಿ ಕಡಿಮೆ ಅಳತೆಯಿಂದಲೇ ಶುರು ಮಾಡಬೇಕು. ಉದ್ದದ ಗುಂಡು ನೆಟ್ಟಗೆ ಹಾರಲು ಬೇಗ ಬೇಗ ತಿರುಗಬೇಕು. 14 ಇಂಚಿಗೆ ಒಂದೇ ಸುತ್ತು ಕೊಡುವ ಹಳೆಯ .22-250 ತೋಟೆಯ ಕೋವಿ ನಳಿಗೆಗಳು ಇಲ್ಲಿ ಸೋಲುತ್ತವೆ. .30-06 ತೋಟೆಯ ಕೋವಿ ಇಟ್ಟುಕೊಂಡವರು 180ರಿಂದ 165 ಅಥವಾ 150 ಗ್ರೇನ್‌ಗೆ ಇಳಿದರೆ ಸಾಮಾನ್ಯವಾಗಿ ಕೆಲಸ ಸುಸೂತ್ರ. ದೂರದಲ್ಲಿ ವೇಗ ಇಳಿದಾಗ ತಾಮ್ರ ಸೀಸದಷ್ಟು ಸುಲಭವಾಗಿ ಅರಳುವುದಿಲ್ಲ. ಬೆಲೆಯೂ ಜಾಸ್ತಿ.

ಕಾನೂನು ಬಂದದ್ದು ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೈತ್ಯ ರಣಹದ್ದಿನ ಕಾರಣಕ್ಕೆ. 1982ರಲ್ಲಿ ಉಳಿದಿದ್ದವು ಬರೀ 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಪಂಜರದಲ್ಲಿ ಮರಿ ಮಾಡಿಸಿದರು, 1992ರಿಂದ ಮತ್ತೆ ಬಿಟ್ಟರು. ಬಿಟ್ಟ ಹಕ್ಕಿಗಳು ಸೀಸದ ವಿಷದಿಂದ ಸಾಯುತ್ತಲೇ ಇದ್ದವು. ಬೇಟೆಗಾರರು ಕಾಡಿನಲ್ಲೇ ಬಿಟ್ಟುಹೋದ, ಈ ಹಕ್ಕಿಗಳು ತಿನ್ನುವ ಕರುಳಿನ ಗುಡ್ಡೆಯ ಎಕ್ಸ್‌ರೇ ತೆಗೆದರೆ ಸಾಸಿವೆ ಕಾಳಿಗಿಂತ ಚಿಕ್ಕ ಬಿಳಿ ಚುಕ್ಕೆಗಳು ಚೆಲ್ಲಿದ್ದವು. ಲೆಕ್ಕಕ್ಕೆ ಸಿಗದಿದ್ದ ಆ ಗ್ರಾಂಗಳು ಅವೇ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಟ್ಟ ದನದ ಹೆಣ ತಿಂದು ನಮ್ಮ ರಣಹದ್ದುಗಳು ನಾಶವಾದದ್ದನ್ನು, ರಾಮನಗರದ ಬೆಟ್ಟದಲ್ಲಿ ಉಳಿದ ಕೆಲವನ್ನು ಕಾಯುತ್ತಿರುವುದನ್ನು ಬಲ್ಲವರಿಗೆ ಈ ಸಂಕಟ ಹೊಸದಲ್ಲ.

2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ದಾನ ಬಂದ ಜಿಂಕೆ ಮಾಂಸದಲ್ಲೂ ಸೀಸದ ಚೂರು ಸಿಕ್ಕಿತು. ಅಲ್ಲಿನ 700ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದಾಗ ಬೇಟೆ ಮಾಂಸ ತಿನ್ನುವವರಲ್ಲಿ ಸೀಸ ಸ್ವಲ್ಪ ಹೆಚ್ಚಿತ್ತು, ಆದರೆ ಅಂದಿನ ಅಪಾಯದ ಮಟ್ಟ ಯಾರಲ್ಲೂ ದಾಟಿರಲಿಲ್ಲ. ಎರಡೂ ಕಡೆಯವರು ಆ ವರದಿಯಿಂದ ತಮಗೆ ಬೇಕಾದ ಸಾಲನ್ನಷ್ಟೇ ಎತ್ತಿಕೊಂಡರು. ಅಲ್ಲಿಂದ ಮಾತು ಗುಂಡಿನದ್ದಾಗಿ ಉಳಿಯದೆ ಕೋವಿ ಹಕ್ಕಿನದ್ದಾಯಿತು.

ಕ್ಯಾಲಿಫೋರ್ನಿಯಾ 2008ರಲ್ಲಿ ಕಾಂಡೋರ್ ಸೀಮೆಯಲ್ಲಿ, 2019ರ ಜುಲೈನಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸ ನಿಷೇಧಿಸಿತು. ಅಮೆರಿಕದ ಕೇಂದ್ರ ಸರ್ಕಾರ 2017ರ ಜನವರಿಯಲ್ಲಿ ತನ್ನ ವನ್ಯಜೀವಿ ಧಾಮಗಳಿಗೆ ಇಂಥದ್ದೇ ಆದೇಶ ಹೊರಡಿಸಿತು, ಮಾರ್ಚ್‌ನಲ್ಲಿ ಅದು ರದ್ದಾಯಿತು. ಅರಿಝೋನದವರು ಬೇರೆ ದಾರಿ ಹಿಡಿದರು. ನಿಷೇಧ ಹೇರದೆ, 2005ರಿಂದ ಕಾಂಡೋರ್ ಸೀಮೆಯ ಬೇಟೆಗಾರರಿಗೆ ಸೀಸವಿಲ್ಲದ ತೋಟೆಗಳನ್ನು ಪುಕ್ಕಟೆ ಕೊಟ್ಟರು. ಹೆಚ್ಚಿನವರು ತಾವಾಗಿಯೇ ಬದಲಾಯಿಸಿಕೊಂಡರು. ಬಳಸಿ ನೋಡಿದವರು ಪಕ್ಕದವನಿಗೆ ಹೇಳಿದ್ದು ಅಲ್ಲಿ ಕೆಲಸಕ್ಕೆ ಬಂತು. ಸರಿಯಾದ ತೂಕದ ತಾಮ್ರ ಆರಿಸಿಕೊಂಡರೆ ಜಿಂಕೆ ಅಷ್ಟೇ ಬೇಗ ಬೀಳುತ್ತದೆ ಎಂದು ಅವರಿಗೆ ಕಣ್ಣಾರೆ ಗೊತ್ತಾಗಿತ್ತು.