ಗೋದಾಮಿಗೆ ಬಂದ ಮೇಲ್ವಿಚಾರಕ ಹೊಲಕ್ಕೆ ಬರಲಿಲ್ಲ

1958ರಲ್ಲಿ ಕೇರಳಕ್ಕೆ ಹೋಗಬೇಕಿದ್ದ ಗೋಧಿ ಹಿಟ್ಟನ್ನು ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆ ಒಂದೇ ಹಡಗಿಗೆ ತುಂಬಿದರು. ವಿಷ ಸೋರಿ ಹಿಟ್ಟಿಗಿಳಿಯಿತು. ಅದನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ವಿಚಾರಣೆಯ ನಂತರವೇ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು.

ಈ ನಿಯಮಗಳಲ್ಲಿ ಕೆಲಸಗಾರರ ರಕ್ಷಣೆಗೇ ಒಂದು ಅಧ್ಯಾಯವಿದೆ. ಆರ್ಗನೋಫಾಸ್ಫರಸ್, ಕಾರ್ಬಮೇಟ್ ಗುಂಪಿನ ಕೀಟನಾಶಕ ತಯಾರಿಸುವ ಘಟಕಗಳ ಕೆಲಸಗಾರರಿಗೆ ತಿಂಗಳಿಗೊಮ್ಮೆಯಾದರೂ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವದ ಪರೀಕ್ಷೆ ಆಗಬೇಕು; ಸಿಂಪಡಿಸುವವರಿಗೆ ವೈದ್ಯರು ಹೇಳಿದಾಗ. ವಿಷ ದಿನದಿನವೂ ಸ್ವಲ್ಪಸ್ವಲ್ಪ ಮೈಗೆ ಸೇರುತ್ತಿದ್ದರೆ ಲಕ್ಷಣ ಕಾಣುವ ಮೊದಲೇ ಈ ಕಿಣ್ವ ಕುಸಿದಿರುತ್ತದೆ.

ಮೇಲ್ವಿಚಾರಣೆ ನಿಜಕ್ಕೂ ಬಿಗಿಯಾದದ್ದು ಗೋದಾಮಿನಲ್ಲಿ. ಅಲ್ಲಿ ಧಾನ್ಯದ ಹುಳ ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್‌ನ 3 ಗ್ರಾಂ ಗುಳಿಗೆ ಗಾಳಿಯ ತೇವಕ್ಕೆ ಪುಡಿಯಾಗಿ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಹಾಗಾಗಿ ಅನುಮೋದಿತ ಪರಿಣತರ ಕಣ್ಗಾವಲಿನಲ್ಲೇ ಇದನ್ನು ಬಳಸಬೇಕು. ಹೀಗೆ ಅನಿಲ ತುಂಬಿ ಹುಳ ಕೊಲ್ಲುವ, ಅಂದರೆ ಹೊಗೆಯಾಡಿಸುವ ಪರವಾನಗಿಗೆ ಕೃಷಿ ಪದವಿ, ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು; ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಇಲ್ಲವೇ ಹಾಪುರ, ಹೈದರಾಬಾದಿನ ತರಬೇತಿ ಕೇಂದ್ರಗಳಲ್ಲೊಂದರಲ್ಲಿ ಕನಿಷ್ಠ 15 ದಿನದ ತರಬೇತಿ. ಗುಳಿಗೆಗಳನ್ನು ರಾಶಿ ಹಾಕಿದರೆ, ಮೇಲೆ ನೀರು ತೊಟ್ಟಿಕ್ಕಿದರೆ ಬೆಂಕಿ ಹತ್ತುತ್ತದೆ. ಧಾನ್ಯದ ರಾಶಿಗೆ ಹೊದಿಸಿದ ಹೊದಿಕೆಯ ಅಂಚಿಗೆ ಮರಳಿನ ಚೀಲ ಒತ್ತಾಗಿ ಇಡದಿದ್ದರೆ ಅನಿಲ ಸೋರಿ, ಹುಳವೂ ಸಾಯದು, ಪಕ್ಕದಲ್ಲಿ ಮಲಗಿದವರೂ ಉಳಿಯರು. ಹೊದಿಕೆ ತೆಗೆದ ಮೇಲೆ ಫಾಸ್ಫೀನಿನ ಬೆಳ್ಳುಳ್ಳಿ ವಾಸನೆ ಇಲ್ಲವೆಂದು ಒಳಗೆ ಕಾಲಿಡಬಾರದು, ಮೀಟರಿನಲ್ಲೇ ಅಳೆಯಬೇಕು.

ಹೊಲದಲ್ಲಿ ಔಷಧಿ ಹೊಡೆಯುವ ಕೂಲಿಯವರ ಪಕ್ಕ ಇಂಥ ಪರಿಣತ ಯಾರೂ ನಿಲ್ಲುವುದಿಲ್ಲ. ತರಬೇತಿ ಕೊಡಿಸುವ ಹೊಣೆಯನ್ನು ನಿಯಮವು ಕೀಟನಾಶಕದ ತಯಾರಕರು, ವಿತರಕರ ಮೇಲೂ ಹೊರಿಸಿದೆ. ಹಳ್ಳಿಯಲ್ಲಿ ಅದು ಬಹಳ ಸಲ ಅಂಗಡಿಯವರ ಬಾಯಿಮಾತಿಗೆ ಇಳಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಿದ 20ಕ್ಕೂ ಹೆಚ್ಚು ಮಂದಿ ಸತ್ತದ್ದು ಈ ಕೊರತೆಯನ್ನು ಬಯಲಿಗೆಳೆಯಿತು. ಗಿಡ ಆಳೆತ್ತರ ಬೆಳೆದಿತ್ತು. ಅಷ್ಟೆತ್ತರದ ಬೆಳೆಯಲ್ಲಿ ಪಂಪಿನ ಮೂತಿ, ಅಂದರೆ ನಾಝಲ್ ಮೇಲೆತ್ತಿದರೆ ಹನಿ ಮುಖಕ್ಕೇ ಬೀಳುತ್ತದೆ. ಬೆವರಿಗೆ ನೆಂದ ಅಂಗಿ ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ.

ಕೂಲಿ ಕರೆದ ಜಮೀನಿನವರೇ ಇಲ್ಲಿ ಮೇಲ್ವಿಚಾರಕರಾಗಬೇಕು. ಡಬ್ಬದ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಪಂಪು ಸೋರುತ್ತದೆಯೇ ಎಂದು ಮೊದಲು ಬರೀ ನೀರು ತುಂಬಿ ಪರೀಕ್ಷಿಸಿ. ಗಾಳಿ ಬರುವ ದಿಕ್ಕಿಗೆ ಬೆನ್ನು ಇರಲಿ, ಕಸ ಕಟ್ಟಿಕೊಂಡ ನಾಝಲನ್ನು ಬಾಯಿಂದ ಊದಲು ಬಿಡಬೇಡಿ. ಕಣ್ಣು ಮಂಜಾದರೆ, ಜೊಲ್ಲು ಸುರಿದರೆ, ಎದೆ ಬಿಗಿದರೆ ಅಂಗಿ ಕಳಚಿ, ಸೋಪು ಹಾಕಿ ಮೈ ತೊಳೆಸಿ, ಡಬ್ಬದ ಲೇಬಲ್ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕೇ ಎಂದು ವೈದ್ಯರು ಬೇಗ ತೀರ್ಮಾನಿಸಲು ಆ ಲೇಬಲ್ ಬೇಕು.